ಬೇಲಿಕಂಡಿಯ ಮಹಾಸಮರ

ಕೇಳಿ, ಮಹಾಜನಗಳೇ. ಸಕಲ ಭೂಮಂಡಲವನ್ನು ಹೆಡೆಯ ಮೇಲೆ ಹೊತ್ತ ಆದಿಶೇಷನಿಗೇ ತಾನು ಹೊತ್ತದ್ದು ಯಾರ ಖಾತೆಯ ನೆಲವೆಂದು ತಿಳಿಯದಿರಲು, ಆ ನೆಲದ ಒಂದು ಗೇಣಿಗಾಗಿ ಉಂಡ ಮನೆಯ ಉಪ್ಪನ್ನು ಮರೆತು, ಕೊಟ್ಟ ಹೆಣ್ಣನ್ನು ಮರೆತು, ಕಡೆಗೆ ತೊಟ್ಟ ಪಂಚೆಯನ್ನೂ ಮರೆತು ಗಂಡಸರು ತೊಡೆತಟ್ಟಿ ನಿಲ್ಲುವಂಥ ಈ ಬೇಲಿಯುಗದಲ್ಲಿ, ಕಲ್ಲೂರುಕಟ್ಟೆಯೆಂಬ ಪಟ್ಟಣದ ಹಿತ್ತಲೊಂದರಲ್ಲಿ ನಡೆದ ಘೋರಸಮರದ ಕಥೆಯನ್ನು ಹೇಳುತ್ತೇನೆ. ಹಿರಿಯ ಕವಿಗಳು ಕಥಾರಂಭದಲ್ಲಿ ಶಾರದೆಯನ್ನು ಕರೆದರು. ನನಗೆ ಆ ಧೈರ್ಯವಿಲ್ಲ. ಇಂಥ ಕಥೆಗೆಂದು ಕರೆದರೆ ಆ ತಾಯಿ ವೀಣೆಯಲ್ಲೇ ನಾಲ್ಕು ಬಾರಿಸಿಯಾಳು.

ಆದ್ದರಿಂದ, ಗೂಟಾಗ್ರಸಿಂಹಾಸನಾಧೀಶ್ವರನೂ ಕ್ಷಣಕ್ಷಣವರ್ಣಾಂತರಪಂಡಿತನೂ ಉಭಯಪಕ್ಷಶಿರಃಕಂಪನವಿಶಾರದನೂ ಆದ ಓತಿಕ್ಯಾತ ಮಹಾಶಯನೇ, ನಿನಗೆ ನಮಸ್ಕಾರ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂದು ಲೋಕ ಹೇಳುತ್ತದೆ. ಈ ಕಥೆಯಲ್ಲಿ ಬೇಲಿಗೆ ನೀನೇ ಸಾಕ್ಷಿ. ಆಚೆ ಮನೆಯವನು ಮಾತಾಡಿದಾಗಲೂ ತಲೆಯಾಡಿಸಿದೆ, ಈಚೆ ಮನೆಯವನು ಮಾತಾಡಿದಾಗಲೂ ತಲೆಯಾಡಿಸಿದೆ. ಇಬ್ಬರಿಗೂ ನೀನು ತಮ್ಮ ಪಕ್ಷವೆಂದೇ ತೋರಿತು. ಅವರ ಬುದ್ಧಿಯ ಅಳತೆಗೆ ಇಷ್ಟು ಸಾಕಲ್ಲವೇ?

ಹಳೇಸಂತೆ ಬೀದಿಗೆ ಮುಖಮಾಡಿದ ಮನೆಯಲ್ಲಿ ಎಡಬಲವಿವೇಕಪ್ರದಾಯಕ, ಸೀಟಿನಾದಕಂಪಿತಬಾಲಕವೃಂದ, ಮೊನೆಯಿಲ್ಲದಖಡ್ಗವಿಭೂಷಿತನಾದ ಡ್ರಿಲ್ ಮಾಸ್ತರು ಚಿಕ್ಕೀರಯ್ಯನಿದ್ದನು. ಒಂದು ಕಾಲದಲ್ಲಿ ಸರ್ಕಾರದ ಖರ್ಚಿನಲ್ಲಿ ಯಾವುದೋ ಶಿಬಿರಕ್ಕೆ ಹೋಗಿ, ಬಿಳಿಯರ ಕತ್ತಿವರಸೆಯನ್ನು ಕಲಿತು, ತುದಿಯಲ್ಲಿ ಗುಂಡಿಯಿದ್ದ ಒಂದು ತೆಳುಗತ್ತಿಯನ್ನೂ ಮುಖಕ್ಕೆ ಹಾಕುವ ತಂತಿಬಲೆಯ ಮುಖವಾಡವನ್ನೂ ಹೊತ್ತು ತಂದಿದ್ದನು. ರಿಟೈರಾದ ಮೇಲೆ ಬಾಗಿಲಲ್ಲಿ ‘ಇಲ್ಲಿ ಫೆನ್ಸಿಂಗ್ ಕಲಿಸಲಾಗುವುದು’ ಎಂದು ಬೋರ್ಡು ಹಾಕಿದನು. ಕಲಿಯಲು ಯಾರೂ ಬರಲಿಲ್ಲ. ಕತ್ತಿ ಮೂಲೆಯ ಜೇಡರಬಲೆ ತೆಗೆಯುವುದಕ್ಕೆ ಬಳಕೆಯಾಯಿತು. ಮುಖವಾಡವನ್ನು ಹೆಂಡತಿ ಹಾಲಿನ ಪಾತ್ರೆಗೆ ಮುಚ್ಚಿದಳು, ಬೆಕ್ಕಿನ ಕಾಟ ತಪ್ಪಿತು.

ಅದರ ಬೆನ್ನಿಗೆ, ತೋಪಿನ ಬೀದಿಗೆ ಮುಖಮಾಡಿದ ಮನೆಯಲ್ಲಿ ಮುಳ್ಳುತಂತಿವಲಯಚಕ್ರವರ್ತಿ, ಕಲ್ಲುಕಂಬಸ್ಥಾಪನಾಚಾರ್ಯ, ಪರರಸೀಮಾರಕ್ಷಕನಾದ ಕಂಟ್ರಾಕ್ಟರ್ ಪುಟ್ಟರಂಗಯ್ಯನಿದ್ದನು. ಹೆಂಡತಿ ತೀರಿಹೋಗಿದ್ದಳು. ಸುತ್ತ ಹತ್ತೂರಿನ ತೆಂಗಿನ ತೋಟಗಳಿಗೆಲ್ಲ ತಂತಿ ಬಿಗಿದವನು ತನ್ನ ಹಿತ್ತಲಿಗೆ ಮಾತ್ರ ಒಂದು ಮೊಳ ತಂತಿ ಎಳೆದವನಲ್ಲ. ಅವನ ಬಾಗಿಲಲ್ಲಿಯೂ ಬೋರ್ಡಿತ್ತು: ‘ಇಲ್ಲಿ ಫೆನ್ಸಿಂಗ್ ಮಾಡಿಕೊಡಲಾಗುವುದು’.

ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ‘ಫೆನ್ಸಿಂಗಿನೋರ ಮನೆ ಎಲ್ಲಿ?’ ಎಂದು ಕೇಳಿದರೆ ಊರಿನ ಪುಂಡರು ಬೇಕೆಂದೇ ತಪ್ಪು ಬೀದಿಗೆ ಕಳಿಸುತ್ತಿದ್ದರು. ಕಾಡುಹಂದಿಯ ಕಾಟಕ್ಕೆ ಬೇಲಿ ಬೇಕೆಂದು ಬಂದ ರೈತನೊಬ್ಬನನ್ನು ಮಾಸ್ತರು ಅಂಗಳದಲ್ಲಿ ನಿಲ್ಲಿಸಿ, “ಮೊದಲು ಬಲಗಾಲು ಮುಂದೆ. ಮಂಡಿ ಬಗ್ಗಿಸು. ಈಗ ಹಂದಿ ಎದುರಿಗಿದೆ ಅಂತ ಭಾವಿಸು” ಎಂದು ಮಧ್ಯಾಹ್ನದವರೆಗೆ ಕುಣಿಸಿದನು. ಮಗಳಿಗೆ ಕತ್ತಿವರಸೆ ಕಲಿಸಬೇಕೆಂದು ಬಂದ ತಾಯಿಯೊಬ್ಬಳನ್ನು ಪುಟ್ಟರಂಗಯ್ಯ ನೋಡಿ, ಹುಡುಗಿಯನ್ನೂ ಮೇಲಿನಿಂದ ಕೆಳಗೆ ನೋಡಿ, “ಇವಳೊಬ್ಬಳಿಗೇ ಏನವ್ವ? ಸುತ್ತಾ ಹಾಕ್ಬೇಕೋ, ಮುಂದ್ಗಡೆ ಮಾತ್ರ ಸಾಕೋ?” ಎಂದನು. ಆ ತಾಯಿ ಅವನ ಮುಖಕ್ಕೆ ಉಗಿಯದೆ ಹೋದದ್ದು ಅವಳ ದೊಡ್ಡತನ.

ಇಂಥ ಇಬ್ಬರು ಬೇರೆ ಬೇರೆ ಊರಿನಲ್ಲಿದ್ದಿದ್ದರೆ ಲೋಕಕ್ಕೆ ಒಳ್ಳೆಯದಿತ್ತು. ಆದರೆ ಪುಟ್ಟರಂಗಯ್ಯನ ಅಕ್ಕ ಸಾವಂತ್ರಮ್ಮನೇ ಚಿಕ್ಕೀರಯ್ಯನ ಹೆಂಡತಿ. ಇಬ್ಬರೂ ವಾವೆಯ ವರಸೆಯಲ್ಲಿ ಭಾವಮೈದುನರು, ಕತ್ತಿಯ ವರಸೆಯಲ್ಲಿ ಜನ್ಮಶತ್ರುಗಳು. ಎರಡಕ್ಕೂ ನಡುವೆ ಮೂರನೆಯ ವರಸೆಯೊಂದಿತ್ತು, ಬೇಲಿ ಕಟ್ಟುವ ವರಸೆ. ಇಡೀ ಕಥೆಯ ಬೇರು ಅಲ್ಲಿದೆ.

ಎರಡು ಹಿತ್ತಲುಗಳ ನಡುವೆ ಇದ್ದದ್ದು ಗೂಟದ ಬೇಲಿ. ಹಾಲುವಾಣದ ಗೂಟ, ನಡುವೆ ಜಾಲಿಮುಳ್ಳು. ವರ್ಷ ತಿರುಗುವುದರೊಳಗೆ ಮುಳ್ಳು ಲಡ್ಡಾಗುತ್ತದೆ, ಗೂಟಕ್ಕೆ ಗೆದ್ದಲು ಹತ್ತುತ್ತದೆ. ಹಾಗಾಗಿ ಸಾವಂತ್ರಮ್ಮನ ತಂದೆ ಹನುಮಯ್ಯ ಬದುಕಿದ್ದಾಗಲೇ ಒಂದು ಕಟ್ಟಳೆ ಮಾಡಿದ್ದನು: ಒಂದು ವರ್ಷ ಅಳಿಯ ಬೇಲಿ ಕಟ್ಟತಕ್ಕದ್ದು, ಮರುವರ್ಷ ಮಾವನ ಮನೆಯವರು. ಆದರೆ ಹೊಸ ಗೂಟವನ್ನು ಹಳೆಯ ಗುಳಿಯಲ್ಲಿ ಯಾರು ನೆಡುತ್ತಾರೆ? ‘ಹಳೇ ಬೇರು ಅಡ್ಡ ಬರುತ್ತದೆ’ ಎಂದು ಹೇಳಿ ಪ್ರತಿಯೊಬ್ಬನೂ ತನ್ನ ಸರದಿಯಲ್ಲಿ ಎದುರಿನವನ ಕಡೆಗೆ ಒಂದು ಗೇಣು ಸರಿಸಿ ನೆಡುತ್ತಿದ್ದನು. ಹೀಗೆ ಬೇಲಿ ಒಂದು ವರ್ಷ ಮುಂದಕ್ಕೆ ಬಂದು ಮರುವರ್ಷ ಹಿಂದಕ್ಕೆ ಹೋಗುತ್ತ ಎಷ್ಟೋ ವರ್ಷದಿಂದ ನಿಂತಲ್ಲೇ ಕತ್ತಿವರಸೆ ಆಡುತ್ತಿತ್ತು. ಯಾರಿಗೂ ನಷ್ಟವಿಲ್ಲ, ಯಾರಿಗೂ ಲಾಭವಿಲ್ಲ. ಇಬ್ಬರಿಗೂ ಮಾತ್ರ ತಾನು ಗೆದ್ದೆನೆಂಬ ಸಂತೋಷ.

ಹೀಗಿರಲು ಹನುಮಯ್ಯ ತೀರಿಕೊಂಡನು. ಅದು ಮಾವನ ಮನೆಯವರ ಸರದಿಯ ವರ್ಷ. ಸಾವಾದ ಮನೆಯವರು ವರ್ಷ ತುಂಬುವ ತನಕ ನೆಲಕ್ಕೆ ಗೂಟ ಹೊಡೆಯಬಾರದೆಂಬುದು ಆ ಸೀಮೆಯ ಸಂಪ್ರದಾಯ. ಮಗ ಪುಟ್ಟರಂಗಯ್ಯ ಕೈಕಟ್ಟಿ ಕುಳಿತನು. ಅಳಿಯನಿಗೆ ಮೂರೇ ದಿನದ ಸೂತಕ. ಮಾಸ್ತರು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಹಾರೆ ತೆಗೆದುಕೊಂಡು, “ಬೇಲಿ ಬಿದ್ದುಹೋಗಿದೆ, ದನ ನುಗ್ಗುತ್ತವೆ” ಎಂದು ಮೈದುನನ ಸರದಿಯಲ್ಲಿ ತಾನೇ ಒಂದು ಗೇಣು ಸರಿಸಿ ನೆಟ್ಟನು. ಮರುವರ್ಷ ಹೇಗೂ ಅವನದೇ ಸರದಿ, ಇನ್ನೊಂದು ಗೇಣು. ಸತ್ತ ಮಾವನ ಬೂದಿ ಆರುವ ಮೊದಲು ಅವನ ಹಿತ್ತಲು ನುಂಗಲು ಹೊರಟ ಈ ಗಂಡುಗಲಿಯ ಬಗ್ಗೆ ಏನು ಹೇಳಲಿ? ಥೂ, ಎನ್ನುವುದು ಸಾಕು.

ಈ ವರ್ಷ ಪುಟ್ಟರಂಗಯ್ಯನ ಸರದಿ ಬಂದಿತು. ಅವನೇನು ಧರ್ಮರಾಯನಲ್ಲ. ಹೋದ ಎರಡು ಗೇಣಿಗೆ ಪ್ರತಿಯಾಗಿ ಮೂರು ಗೇಣು ಸರಿಸಿ, ಗೂಟಕ್ಕೆ ಬದಲು ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಬಿಗಿದು, ಬೇಲಿಯ ಆಟವನ್ನೇ ಶಾಶ್ವತವಾಗಿ ಮುಗಿಸುತ್ತೇನೆಂದು ತಂತಿಯ ಸುರುಳಿಯನ್ನು ಹಿತ್ತಲಿಗೆ ಉರುಳಿಸಿಕೊಂಡು ಬಂದನು.

ಆ ಬೇಲಿಯಲ್ಲಿ ಒಂದು ಕಂಡಿಯಿತ್ತು. ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದು. ಪುಟ್ಟರಂಗಯ್ಯನ ಹಿತ್ತಲ ಜಗುಲಿಯಲ್ಲಿ ಅವನ ತಾಯಿ ಕೆಂಚಮ್ಮ ಹಾಸಿಗೆ ಹಿಡಿದು ಮಲಗಿದ್ದಳು. ಎರಡು ಕಣ್ಣೂ ಹೋಗಿದ್ದವು. ಮಗನ ಅಡುಗೆಯನ್ನು ಮುಟ್ಟುತ್ತಿರಲಿಲ್ಲ. ಅವನು ತಿರುವಿದ ಮುದ್ದೆಯನ್ನು ಕಂಬದ ಬುಡಕ್ಕೆ ಹಾಕಿದರೆ ಕಂಬ ಅಲ್ಲಾಡುವುದಿಲ್ಲ ಎಂಬುದು ಆ ಮುದುಕಿಯದೇ ಮಾತು. ದಿನವೂ ಹೊತ್ತು ಇಳಿಯುವಾಗ ಸಾವಂತ್ರಮ್ಮ ಬಿಸಿ ಮುದ್ದೆಯನ್ನೂ ಸಾರನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಆ ಕಂಡಿಯಲ್ಲಿ ನುಸುಳಿ ಬಂದು ಕೈಯಾರೆ ತಿನ್ನಿಸಿದರೆ ಮಾತ್ರ ಅವಳ ಹೊಟ್ಟೆಗೆ ಊಟ. ಬೀದಿಯ ಕಡೆಯಿಂದ ಸುತ್ತಿ ಬರಬೇಕೆಂದರೆ ಕೆರೆಯ ಏರಿಯನ್ನು ಹತ್ತಿ ಇಳಿಯಬೇಕು. ಸಾವಂತ್ರಮ್ಮನ ಮಂಡಿಗಳು ಹೊಸಲು ದಾಟುವುದಕ್ಕೇ ಅಳುತ್ತಿದ್ದವು. ಆ ಕಂಡಿ ಮುಚ್ಚಿದರೆ ಮುದುಕಿ ಉಪವಾಸ.

ಕಂಡಿಯ ವಿಚಾರದಲ್ಲಿ ವೀರರಿಬ್ಬರ ನಿಲುವೇನು? ಪುಟ್ಟರಂಗಯ್ಯ ಗುಡುಗಿದನು: “ನನ್ ತಂತೀಲಿ ಸಂದು ಇರಲ್ಲ ಕಣ್ ಭಾವ. ಸಂದು ಬಿಟ್ರೆ ನನ್ ಕಸುಬಿಗೇ ಅವಮಾನ!” ಮಾಸ್ತರು ಮರುಗುಡುಗಿದನು: “ಮುಚ್ಚೋ! ನನ್ನ ಹೆಂಡತಿ ಇನ್ನು ಮೇಲೆ ನಿನ್ನ ನೆಲಕ್ಕೆ ಕಾಲಿಟ್ಟರೆ ನನ್ನ ಹೆಸರು ಚಿಕ್ಕೀರಯ್ಯನೇ ಅಲ್ಲ!” ನೆಲ ಯಾರದು, ಸರದಿ ಯಾರದು, ಗೇಣು ಎಷ್ಟು ಎಂಬ ಯಾವುದರಲ್ಲಿಯೂ ಒಮ್ಮತವಿಲ್ಲದ ಆ ಮಹನೀಯರು ಒಪ್ಪಿದ್ದು ಇದೊಂದನ್ನೇ. ಸಾವಂತ್ರಮ್ಮನನ್ನು ಇಬ್ಬರೂ ಕೇಳಲಿಲ್ಲ. ಅವಳು ಒಳಗಿನಿಂದ, “ಅವ್ವನ ಊಟ?” ಎಂದು ಒಂದು ಮಾತು ಕೂಗಿದಳು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ, ಯುದ್ಧಭೇರಿ ಮೊಳಗುತ್ತಿತ್ತಲ್ಲ.

ಮೊದಲು ಮಾತಿನ ಕಾಳಗ. ಹಿಂದಿನವರ ಪದ್ಧತಿಯಂತೆ ವೀರರು ಬಿರುದಾವಳಿಗಳನ್ನು ಹೊಗಳಿಕೊಂಡರು. ಬೇಲಿಯ ಈಚೆಗೆ ನಿಂತು, ಬನಿಯನ್ನಿನ ಮೇಲೆ ಸೀಟಿಯನ್ನು ಪದಕದಂತೆ ತೂಗಿಸಿಕೊಂಡು ಮಾಸ್ತರು ಹೇಳಿದನು:

“ಎಲವೋ ತಂತಿಜೀವಿ! ಕೇಳು. ನಾನು ಕತ್ತಿ ಹಿಡಿದ ಶಿಬಿರದಲ್ಲಿ ನನ್ನೆದುರು ನಿಂತವರೆಲ್ಲ ನೆಲ ಮುಟ್ಟಿದ್ದಾರೆ. ನನ್ನ ಮುನ್ನಡೆ ಕಂಡವರು ಹಿನ್ನಡೆ ಮರೆತಿದ್ದಾರೆ. ಯಾವ ಕಾಲದಲ್ಲಿಯೂ ಯಾವ ದೇಶದಲ್ಲಿಯೂ ಫೆನ್ಸಿಂಗ್ ಎಂದರೆ ಖಡ್ಗವಿದ್ಯೆ. ನೀನು ಮಾಡುವುದು ಫೆನ್ಸಿಂಗಲ್ಲ, ಕಂಬಕ್ಕೆ ದಾರ ಕಟ್ಟುವ ಕೆಲಸ. ಅದನ್ನು ಜೇಡರಹುಳವೂ ಮಾಡುತ್ತದೆ!”

ಬೇಲಿಯ ಆಚೆಯಿಂದ, ಸೊಂಟದಲ್ಲಿ ತಂತಿ ಕತ್ತರಿಸುವ ಇಕ್ಕಳ ಸಿಕ್ಕಿಸಿಕೊಂಡು, ಪುಟ್ಟರಂಗಯ್ಯ ಪ್ರತಿನುಡಿದನು:

“ಓಹೋಹೋ! ಜೇಡರ ಸುದ್ದಿ ನಿಮಗೆ ಗೊತ್ತಿರಲೇಬೇಕು ಭಾವ. ನಿಮ್ ಕತ್ತಿ ಇಷ್ಟು ವರ್ಷದಲ್ಲಿ ಕೊಂದಿರೋದು ಜೇಡರಹುಳ ಒಂದನ್ನೇ ತಾನೆ? ನಾನು ಬಿಗಿದ ತಂತಿ ಸೀಳ್ಕೊಂಡು ಒಂದು ಹಂದಿ ಒಳೀಕೆ ಬಂದಿದ್ರೆ ಹೇಳಿ, ಮೀಸೆ ಬೋಳಿಸ್ಕೊತೀನಿ. ಕಳ್ಳ ಬಂದಿಲ್ಲ, ಕರಡಿ ಬಂದಿಲ್ಲ. ಅಳಿಯ ಒಬ್ಬ ಬಂದ ನೋಡಿ, ಅಪ್ಪ ಸತ್ತ ನಾಕನೇ ದಿನ, ಹಾರೆ ತಗೊಂಡು!”

ಈ ಮಾತು ನಾಟಿತು. ಮಾಸ್ತರ ಮುಖ ಕೆಂಪೇರಿತು. ಗೂಟದ ಮೇಲಿದ್ದ ಓತಿಕ್ಯಾತನ ಕುತ್ತಿಗೆಯೂ ಕೆಂಪೇರಿತು. ಅದು ಹೌದು ಹೌದೆಂದು ತಲೆಯಾಡಿಸಿತು.

“ಎಲೇ ಇವಳೇ! ನನ್ನ ಖಡ್ಗ ತಾ! ಮುಖವಾಡ ತಾ!” ಎಂದು ಮಾಸ್ತರು ಆರ್ಭಟಿಸಿದನು.

ಸಾವಂತ್ರಮ್ಮ ಒಲೆಯ ಮುಂದೆ ಎಸರಿಗೆ ಹಿಟ್ಟು ಹಾಕುತ್ತಿದ್ದಳು. “ಕತ್ತಿ ಬಚ್ಚಲುಮನೆ ಗೋಡೇಗೈತೆ, ತಗಳಿ. ಮುಖವಾಡ ಕೊಡಕ್ಕಾಗಲ್ಲ, ಹಾಲು ಮುಚ್ಚಿವ್ನಿ” ಎಂದಳು.

ಹೀಗೆ ಶಿರಸ್ತ್ರಾಣವನ್ನು ಕ್ಷೀರರಕ್ಷಣೆಗೆ ಒಪ್ಪಿಸಿ, ತುದಿಗೆ ಜೇಡರಬಲೆ ಸುತ್ತಿಕೊಂಡಿದ್ದ ಖಡ್ಗವನ್ನು ಝಳಪಿಸುತ್ತ, ಬಲಗಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ಎಡಗೈಯನ್ನು ಹಿಂದಕ್ಕೆ ಎತ್ತಿ ಮಾಸ್ತರು ರಣಭಂಗಿಯಲ್ಲಿ ನಿಂತನು. ಎಂಥ ಭಂಗಿ! ಆ ಶಿಬಿರದವರು ಕಂಡಿದ್ದರೆ ಕತ್ತಿಯನ್ನು ವಾಪಸು ಕೇಳುತ್ತಿದ್ದರು. “ಹಾ!” ಎಂದು ಮುನ್ನುಗ್ಗಿ ಮುಳ್ಳಿನ ಸಂದಿಯಲ್ಲಿ ಚುಚ್ಚಿದನು. ಖಡ್ಗದ ತುದಿಯ ಗುಂಡಿ ಪುಟ್ಟರಂಗಯ್ಯನ ಹೊಟ್ಟೆಗೆ ತಗುಲಿತು. ಖಡ್ಗ ಬಿಲ್ಲಿನಂತೆ ಬಾಗಿತು. ಪುಟ್ಟರಂಗಯ್ಯನಿಗೆ ಕಚಗುಳಿಯಾಯಿತು. ಅವನು ಆ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಇಕ್ಕಳ ತೆಗೆದು, ಕಟಕ್ಕೆಂದು ಕತ್ತರಿಸಿ, ಖಡ್ಗದ ಅರ್ಧವನ್ನು ಜೇಬಿಗೆ ಹಾಕಿಕೊಂಡನು.

ಕತ್ತಿ ಕಳೆದುಕೊಂಡ ವೀರನು ಏನು ಮಾಡಬೇಕು? ಬುದ್ಧಿಯಿದ್ದವನು ಒಳಗೆ ಹೋಗಿ ಕಾಫಿ ಕುಡಿಯುತ್ತಾನೆ. ಮಾಸ್ತರು ಕೈಗೆ ಸಿಕ್ಕ ಬೇಲಿಗೂಟವನ್ನು ಕಿತ್ತು ಗದೆಯಂತೆ ಹೆಗಲಿಗೇರಿಸಿದನು. ತಾನೇ ನೆಟ್ಟ ಗೂಟ, ತಾನೇ ವರ್ಷವಿಡೀ ಕಾದ ಗೂಟ! ಅದನ್ನು ಕಂಡು ಪುಟ್ಟರಂಗಯ್ಯನೂ ಒಂದು ಗೂಟ ಕಿತ್ತನು. ಟಕ್ಕೆಂದು ಗೂಟಕ್ಕೆ ಗೂಟ ತಾಕಿತು, ಗೆದ್ದಲು ಹಿಡಿದದ್ದು ಪುಡಿಯಾಯಿತು. ಇಬ್ಬರೂ ಇನ್ನೊಂದೊಂದು ಕಿತ್ತರು. ಅದೂ ಮುರಿಯಿತು, ಮತ್ತೊಂದು ಕಿತ್ತರು. ಗೂಟವಿಲ್ಲದೆ ನಿಲ್ಲಲಾರದ ಮುಳ್ಳು ಕಾಲ್ಕೆಳಗೆ ಬಿದ್ದಿತು. ಇಬ್ಬರೂ ಬೈಯುತ್ತ, ಕೀಳುತ್ತ, ಬೀಸುತ್ತ ಹಿತ್ತಲಿನ ಈ ತುದಿಯಿಂದ ಆ ತುದಿಗೆ ಸಾಗಿದರು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೀರಿ. ಬೇಲಿಯವರೇ ಎದ್ದು ಬೇಲಿ ಮೇಯ್ದದ್ದು ಕಲ್ಲೂರುಕಟ್ಟೆಯಲ್ಲಿ ಮಾತ್ರ.

ಕಡೆಗೆ ಉಳಿದದ್ದು ಒಂದೇ ಗೂಟ. ಅದರ ಮೇಲೆ ನಮ್ಮ ಓತಿಕ್ಯಾತ. ಅದಕ್ಕೂ ಇಬ್ಬರೂ ಒಟ್ಟಿಗೆ ಕೈ ಹಾಕಿದರು. “ಬಿಡೋ!” “ನೀವ್ ಬಿಡಿ!” ಎಂದು ಎಳೆದಾಡಿದರು. ಗೂಟ ಬುಡಸಮೇತ ಕಿತ್ತು ಬಂದಿತು. ಮನೆ ಕಳೆದುಕೊಂಡ ಓತಿಕ್ಯಾತ ಎಲ್ಲಿಗೆ ಹೋಗಬೇಕು? ಬೇಲೀಲಿ ಹೋಗೋ ಓತಿಕ್ಯಾತನ್ನ ಪಂಚೆಯೊಳಕ್ಕೆ ಬಿಟ್ಟುಕೊಂಡರು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಅದು ಮಾಸ್ತರ ಪಂಚೆಯನ್ನು ಆರಿಸಿಕೊಂಡಿತು.

ಅಹಾ, ಆಮೇಲೆ ಮಾಸ್ತರು ತೋರಿದ ವರಸೆಗಳು ಯಾವ ಶಿಬಿರದಲ್ಲಿಯೂ ಇಲ್ಲ! ಒಂದು ಕಾಲಲ್ಲಿ ಕುಪ್ಪಳಿಸಿದನು, ಎರಡೂ ಕಾಲಲ್ಲಿ ನೆಗೆದನು, “ಅಯ್ಯಯ್ಯೋ, ಹತ್ತುತ್ತಾ ಇದೆ ಕಣೋ, ಮೇಲಕ್ಕೆ ಹತ್ತುತ್ತಾ ಇದೆ!” ಎಂದು ಕಿರುಚುತ್ತ, ಯಾವ ನೆಲಕ್ಕೆ ಕಾಲಿಡುವುದಿಲ್ಲವೆಂದು ಹೆಂಡತಿಯ ಪರವಾಗಿ ಶಪಥ ಮಾಡಿದ್ದನೋ ಆ ನೆಲಕ್ಕೇ ಹಾರಿ, ಅಲ್ಲಿದ್ದ ಮುಳ್ಳುತಂತಿಯ ಸುರುಳಿಯ ಮೇಲೆ ಬಿದ್ದನು. ಸುರುಳಿ ಬಿಚ್ಚಿಕೊಂಡಿತು. ತಂತಿ ಪಂಚೆಗೆ ಸಿಕ್ಕಿತು. ಬಿಡಿಸಿಕೊಳ್ಳಲು ಸುತ್ತಿದನು, ಇನ್ನಷ್ಟು ಸಿಕ್ಕಿತು.

“ಅಲ್ಲಾಡ್ಬೇಡಿ ಭಾವ! ತಂತಿ ನನ್ಗೆ ಗೊತ್ತು, ನಾ ಬಿಡಿಸ್ತೀನಿ!” ಎಂದು ಪುಟ್ಟರಂಗಯ್ಯ ನುಗ್ಗಿದನು. ವೈರ ಮರೆತು ನುಗ್ಗಿದನೆಂದು ಹೊಗಳಬೇಡಿ. ತಂತಿ ಹಾಳಾಗುತ್ತದೆಂದು ನುಗ್ಗಿದ್ದು. ಮುಳ್ಳಿಗೆ ಸಿಕ್ಕ ಬಟ್ಟೆಯನ್ನು ನಿಧಾನವಾಗಿ ಬಿಡಿಸಬೇಕೆಂದು ಹಸುಗೂಸಿಗೂ ಗೊತ್ತು. ಈ ಕಸುಬುದಾರ ಎಳೆದನು. ಎಳೆದ ರಭಸಕ್ಕೆ ತಂತಿ ಅವನ ಸೊಂಟಕ್ಕೂ ಒಂದು ಸುತ್ತು ಬಂದಿತು. ಇಕ್ಕಳ ಕೈಜಾರಿ ದೂರ ಹೋಯಿತು. ಓತಿಕ್ಯಾತ ಪಂಚೆಯ ಚುಂಗಿನಿಂದ ಇಳಿದು, ಒಮ್ಮೆ ತಲೆಯಾಡಿಸಿ, ಕಲ್ಲಿನ ಸಂದಿ ಸೇರಿತು. ಭಾವಮೈದುನರು ಬೆನ್ನಿಗೆ ಬೆನ್ನು ತಾಗಿ, ಒಂದೇ ತಂತಿಯಲ್ಲಿ ಬಿಗಿದುಕೊಂಡು, ಉಸಿರು ಹೆಚ್ಚು ಎಳೆದರೆ ಮುಳ್ಳು ಚುಚ್ಚುವುದೆಂದು ಅರ್ಧರ್ಧ ಉಸಿರಾಡುತ್ತ, ಎರಡು ಹಿತ್ತಲುಗಳ ನಟ್ಟನಡುವೆ ಕಲ್ಲುಕಂಬದಂತೆ ನಿಂತರು. ಕಂಡಿ ಮುಚ್ಚಲು ಹೊರಟವರು ಬೇಲಿಯನ್ನೆಲ್ಲ ಕಂಡಿ ಮಾಡಿಟ್ಟಿದ್ದರು.

ಆಗ ಹಿತ್ತಲ ಬಾಗಿಲು ತೆರೆಯಿತು. ಸಾವಂತ್ರಮ್ಮ ಬಂದಳು, ಸೆರಗಿನಡಿ ಬಿಸಿ ಮುದ್ದೆ, ಇನ್ನೊಂದು ಕೈಯಲ್ಲಿ ಹುರುಳಿಸಾರಿನ ಚಂಬು. ಅಡ್ಡವಾಗಿ ನುಸುಳುವ ಕೆಲಸ ಇವತ್ತು ಅವಳಿಗಿರಲಿಲ್ಲ. ಮುರಿದ ಗೂಟಗಳನ್ನು ನೋಡಿ ನೋಡಿ ಹೆಜ್ಜೆಯಿಡುತ್ತ ನಡೆದು ಬಂದು ವೀರರ ಮುಂದೆ ನಿಂತಳು.

“ಅಕ್ಕಯ್ಯ, ಆ ಇಕ್ಕಳ ಸ್ವಲ್ಪ ಕೊಡು” ಎಂದನು ತಮ್ಮ.

“ಸಾವಂತ್ರಿ, ಮೊದಲು ನನ್ನ ಕಡೆ ಬಿಡಿಸು” ಎಂದನು ಗಂಡ.

ಅವಳು ಇಬ್ಬರನ್ನೂ ಒಂದು ಸಲ ನೋಡಿದಳು. “ನಿಮ್ ಮಾನ ಮರ್ಯಾದೆ ಮೂರಾಬಟ್ಟೆ ಆಯ್ತಲ್ಲ. ಅಪ್ಪ ಇದ್ದಿದ್ರೆ ಇಬ್ರಿಗೂ ಅದೇ ಗೂಟ ತಗೊಂಡು ಬಾರಿಸಿರೋನು. ಮುದ್ದೆ ಆರೋಗ್ತೈತೆ, ಅಲ್ಲೇ ನಿಂತಿರಿ” ಎಂದಳು. ಇಕ್ಕಳವನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿ ಜಗುಲಿಗೆ ಹೋದಳು.

ಜಗುಲಿಯಲ್ಲಿ ತುತ್ತು ಮುರಿದು ಸಾರಿಗೆ ಅದ್ದುವುದು ವೀರರಿಗೆ ಕಾಣುತ್ತಿತ್ತು. ಕೆಂಚಮ್ಮ ಬಾಯಿ ತೆರೆದು ನುಂಗಿ, ಕಾಣದ ಕಣ್ಣನ್ನು ಹಿತ್ತಲ ಕಡೆ ತಿರುಗಿಸಿದಳು.

“ಆವಾಗ್ಲಿಂದ ಅದೇನವ್ವ ಹಿತ್ಲಲ್ಲಿ ಗದ್ಲ?”

“ಏನಿಲ್ಲ ಕಣವ್ವ. ಎರಡು ದನ ಬೇಲಿಗೆ ಸಿಗಾಕ್ಕೊಂಡವೆ.”

“ಅಯ್ಯೋ ಪಾಪ. ಬಿಡಿಸ್ಬಾರ್ದಾ?”

“ಬಿಡಿಸ್ತೀನಿ ತಡಿ. ಮೊದ್ಲು ನೀನು ಉಣ್ಣು.”

ಮುದುಕಿ ಇನ್ನೊಂದು ತುತ್ತು ನುಂಗಿದಳು. ಅವಳಿಗೆ ಸಮಾಧಾನವಾಗಲಿಲ್ಲ.

“ಹಸ್ದಿರ್ತವೆ ಕಣವ್ವ, ಬಾಯಿಲ್ದವು. ಒಂದಿಷ್ಟು ಹುಲ್ಲಾದ್ರೂ ಹಾಕು.”

ವೀರರಿಬ್ಬರೂ ತಲೆ ತಗ್ಗಿಸಿದರು. ಕಾಲ್ಕೆಳಗೆ, ಯಾವುದಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಎರಡು ಗೇಣು ನೆಲವಿತ್ತು. ಹುಲ್ಲೇನೋ ಬೆಳೆದಿತ್ತು, ಆದರೆ ಇಬ್ಬರಿಗೆ ಸಾಲುವಷ್ಟಿರಲಿಲ್ಲ.